ಮಬ್ಬು ಹಿಡಿದ ಮೋಟಾರು ದೀಪ

(ಹಿಮಾಯತ್‌ನಗರದಲ್ಲಿ ಸೇರಿದ್ದ ನಮ್ಮ ಸಂಘದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಭಾಷಣ ಮಾಡುವವರ ಸಾಲಿನವರು ನಾವಲ್ಲ. ಪಾನಾ ಹಿಡಿದು ಬೆಳೆದ ಕೈಗೆ ಧ್ವನಿವರ್ಧಕವನ್ನು ಕೊಟ್ಟಿರುವ ತಪ್ಪು ನಮ್ಮ ಕಾರ್ಯದರ್ಶಿಗಳದು; ಆದುದರಿಂದ ಮಾತಿನಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ಅವರನ್ನೇ ಕೇಳಿಕೊಳ್ಳಬೇಕೆಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇವೆ. ಹೋದ ಕೂಟದಲ್ಲಿ ಇದೇ ಜಾಗದಲ್ಲಿ ನಿಂತು ಹಿರಿಯರೊಬ್ಬರು ಶರಣರ ಕಾಯಕತತ್ವವನ್ನು ಕುರಿತು ಬಹು ಸೊಗಸಾಗಿ ಮಾತನಾಡಿದರು. ಅಂಥ ಮಾತಿನ ಬೆನ್ನಿಗೆ ಕಾರಿನ ದೀಪ ತಿಕ್ಕುವ ವಿಚಾರ ಹೇಳುವುದೆಂದರೆ ಹೋಳಿಗೆ ಊಟದ ಮೇಲೆ ಜೋಳದ ನುಚ್ಚು ಬಡಿಸಿದಂತೆ. ಆದರೂ ನುಚ್ಚು ಉಂಡು ಬೆಳೆದವರೇ ಇಲ್ಲಿ ಹೆಚ್ಚು ಮಂದಿ ಇರುವುದರಿಂದ ಧೈರ್ಯ ಮಾಡಿದ್ದೇವೆ.

ಇಲ್ಲಿ ಕುಳಿತವರಲ್ಲಿ ಅರ್ಧದಷ್ಟು ಮಂದಿ ಗಾಡಿ ಓಡಿಸುವವರು. ಉಳಿದವರಲ್ಲಿ ಕೆಲವರು ಗ್ಯಾರೇಜಿನವರು, ಪೇಂಟಿನವರು, ಕಟ್ಟಡದ ಕೆಲಸದವರು. ಬೀದರ, ಕಲಬುರಗಿ, ಯಾದಗಿರಿ, ರಾಯಚೂರು—೧೯೫೬ರ ನವೆಂಬರ್ ೧ರ ತನಕ ಈ ಕಡೆಯವರಿಗೆಲ್ಲ ಹೈದರಾಬಾದೇ ರಾಜಧಾನಿಯಾಗಿತ್ತು. ಆಮೇಲೆ ರಾಜ್ಯದ ಗಡಿ ಬೇರೆಯಾಯಿತು, ದುಡಿಮೆಯ ದಾರಿ ಬೇರೆಯಾಗಲಿಲ್ಲ. ೧೯೩೨ರಲ್ಲಿ ನಿಜಾಮರ ಸರಕಾರವು ೨೭ ಬಸ್ಸುಗಳನ್ನು ಇಟ್ಟುಕೊಂಡು ರಸ್ತೆ ಸಾರಿಗೆಯನ್ನು ಆರಂಭಿಸಿದ ಕಾಲದಿಂದ ಇವತ್ತಿನ ಬಾಡಿಗೆ ಕಾರಿನವರೆಗೆ ನಮ್ಮ ಕಡೆಯ ಜನ ಈ ಊರಿಗೆ ಬರುತ್ತಲೇ ಇದ್ದಾರೆ. ಹಗಲೆಲ್ಲ ಊರೊಳಗೆ ದುಡಿದು, ಹಬ್ಬಕ್ಕೋ ಮದುವೆಗೋ ಸಾವಿಗೋ ರಾತ್ರಿ ಹೊತ್ತು ನಮ್ಮ ಊರುಗಳ ಕಡೆಗೆ ಗಾಡಿ ತಿರುಗಿಸುವವರು ನಾವು. ಹಿಮಾಯತ್‌ನಗರದ ಬೀದಿಯಲ್ಲಿ ದೀಪ ಮಂಕಾದರೆ ಬೀದಿದೀಪ ಕಾಪಾಡುತ್ತದೆ. ಜಹೀರಾಬಾದು ದಾಟಿದ ಮೇಲೆ ಕಾಪಾಡುವುದು ನಮ್ಮ ಗಾಡಿಯ ದೀಪ ಮಾತ್ರ.

ಈ ವಿಚಾರವನ್ನು ನಾವು ಏತಕ್ಕೆ ಹಿಡಿದೆವೆಂಬುದನ್ನು ಮೊದಲು ಹೇಳಬೇಕು. ನಮ್ಮ ಸಂಘದಲ್ಲಿ ಭಾಲ್ಕಿ ಕಡೆಯ ಹಿರಿಯರೊಬ್ಬರಿದ್ದಾರೆ. ಅವರನ್ನು ನಾವೆಲ್ಲ ಕಾಕಾ ಎನ್ನುತ್ತೇವೆ. ಇಲ್ಲಿಯೇ ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ, ಹೆಸರು ಹೇಳಿದರೆ ಎದ್ದು ಹೋಗುತ್ತಾರೆ. ಒಂದು ರಾತ್ರಿ ಅವರು ಬೀದರದಿಂದ ಮದುವೆಯ ಜನರನ್ನು ಕೂರಿಸಿಕೊಂಡು ಬರುತ್ತಿದ್ದರು. ಗಾಡಿಯಲ್ಲಿ ಐದು ಮಂದಿ, ಅವರಲ್ಲಿ ಒಂದು ಕೈಗೂಸು. ಜಹೀರಾಬಾದಿನ ಹತ್ತಿರ, ಮುಂಬಯಿ ಹೆದ್ದಾರಿಗೆ ಇನ್ನೂ ಸೇರಬೇಕು, ರಸ್ತೆಯ ಎಡಕ್ಕೆ ಕಬ್ಬು ಹೇರಿದ ಟ್ರಾಕ್ಟರಿನ ಟ್ರೇಲರೊಂದು ನಿಂತಿತ್ತು. ಹಿಂದೆ ದೀಪವಿಲ್ಲ, ಕೆಂಪು ಪಟ್ಟಿಯಿಲ್ಲ, ಒಂದು ಕಲ್ಲು ಕೂಡ ಇಟ್ಟಿರಲಿಲ್ಲ. ಕಾಕಾ ಬ್ರೇಕು ತುಳಿದರು. ಗಾಡಿ ನಿಂತಾಗ ಕಬ್ಬಿನ ಸೋಗೆ ಮುಂಗಾಜನ್ನು ಸವರುತ್ತಿತ್ತು. ಮರುದಿನ ಬೆಳಿಗ್ಗೆ ನಮ್ಮ ಶೆಡ್ಡಿಗೆ ಬಂದು ಕುಳಿತವರು ಎಷ್ಟೋ ಹೊತ್ತು ಚಹಾ ಮುಟ್ಟಲಿಲ್ಲ.

“ದೀಪಾ ಹಚ್ಚಿರಲಿಲ್ಲೇನು ಕಾಕಾ?” ಎಂದು ನಮ್ಮ ಹುಡುಗನೊಬ್ಬ ಕೇಳಿದ.

“ಹಚ್ಚಿದ್ದೆನೋ ತಮ್ಮಾ. ದೀಪಾ ಇತ್ತು, ಬೆಳಕ ಇರ್ಲಿಲ್ಲ,” ಎಂದರು.

ಗಾಡಿಯ ಮುಂದೆ ಹೋಗಿ ನೋಡಿದೆವು. ಎರಡು ದೀಪಗಳೂ ಕಣ್ಣಿಗೆ ಪೊರೆ ಬಂದ ಎತ್ತಿನ ಕಣ್ಣಿನಂತೆ ಇದ್ದವು. ಬಲಗಡೆಯದು ಹಳದಿ, ಎಡಗಡೆಯದು ಬರೀ ಮಬ್ಬು. ಕಾಕಾ ಒಂದು ದೊಡ್ಡ ಗ್ಯಾರೇಜಿಗೆ ಹೋಗಿ ಕೇಳಿದ್ದರು. ಎರಡೂ ದೀಪಗಳನ್ನು ಕಿತ್ತು ಹೊಸವು ಹಾಕಬೇಕು, ಬೇರೆ ದಾರಿಯಿಲ್ಲ ಎಂದು ಚೀಟಿ ಬರೆದುಕೊಟ್ಟಿದ್ದರು. ಚೀಟಿಯ ಮೊತ್ತ ಅವರು ಮನೆಗೆ ಕಳಿಸುವ ಎರಡು ತಿಂಗಳ ದುಡ್ಡು. ಆ ಚೀಟಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, ಮಂಕು ದೀಪದಲ್ಲಿಯೇ ಅವರು ಬೀದರಕ್ಕೆ ಹೋಗಿ ಬಂದಿದ್ದರು. ಇಲ್ಲಿರುವ ನಮ್ಮಲ್ಲಿ ಎಷ್ಟು ಮಂದಿಯ ಜೇಬಿನಲ್ಲಿ ಅಂಥ ಚೀಟಿಗಳಿವೆಯೋ ಅವರವರಿಗೇ ಗೊತ್ತು.

ಈ ಮಬ್ಬು ಹಿಂದಿನ ಕಾಲದ ಗಾಡಿಗಳಿಗೆ ಇರಲಿಲ್ಲವೆಂಬುದನ್ನು ಹಿರಿಯ ಚಾಲಕರು ಬಲ್ಲರು. ಅಂಬಾಸಿಡರಿನ ಗುಂಡು ದೀಪ ಗಾಜಿನದು; ಪದ್ಮಿನಿಯದೂ ಗಾಜು; ೧೯೮೩ರಲ್ಲಿ ಬಂದ ಮಾರುತಿಯ ಮೊದಲ ಗಾಡಿಗಳದೂ ಗಾಜೇ. ಚೌಮಹಲ್ಲಾ ಅರಮನೆಗೆ ಮಕ್ಕಳನ್ನು ಕರೆದುಕೊಂಡು ಹೋದವರು ನಿಜಾಮರ ೧೯೧೨ರ ಹಳದಿ ರೋಲ್ಸ್ ರಾಯ್ಸನ್ನು ನೋಡಿರಬಹುದು. ಆ ಕಾಲದ ದೀಪಗಳೂ ಗಾಜಿನವೇ. ಗಾಜು ಒಡೆಯುತ್ತದೆ, ಆದರೆ ಬಿಸಿಲಿಗೆ ಹಳದಿಯಾಗುವುದಿಲ್ಲ. ಅಮೆರಿಕದಲ್ಲಿ ೧೯೪೦ರಿಂದ ಸುಮಾರು ನಾಲ್ಕು ದಶಕಗಳ ತನಕ ಎಲ್ಲ ಕಾರುಗಳಿಗೂ ಒಂದೇ ಅಳತೆಗಳ, ಮುಚ್ಚಿದ ಗಾಜಿನ ದೀಪವೇ ಇರಬೇಕೆಂಬ ನಿಯಮವಿತ್ತು. ೧೯೮೩ರಲ್ಲಿ ಅದನ್ನು ಸಡಿಲಿಸಿದರು. ೧೯೮೪ರ ಮಾದರಿಯ ಲಿಂಕನ್ ಕಾರಿನಿಂದ ಅಲ್ಲಿ ಪ್ಲಾಸ್ಟಿಕ್ ಮುಖದ ದೀಪಗಳು ಆರಂಭವಾದವು. ಈಗ ನಮ್ಮ ರಸ್ತೆಯ ಮೇಲೆ ಹೊಸ ಕಾರು ಯಾವುದು ಬಂದರೂ ದೀಪದ ಮುಖ ಪ್ಲಾಸ್ಟಿಕ್ಕೇ. ಬಾಯಿಮಾತಿಗೆ ಮಾತ್ರ ನಾವು ಇನ್ನೂ ಅದನ್ನು ಗಾಜೆಂದೇ ಕರೆಯುತ್ತೇವೆ.

ಆ ಪ್ಲಾಸ್ಟಿಕ್ಕಿನ ಹೆಸರು ಪಾಲಿಕಾರ್ಬೊನೇಟ್. ೧೯೫೩ರಲ್ಲಿ ಜರ್ಮನಿಯ ಬಾಯರ್ ಕಂಪನಿಯ ಹರ್ಮನ್ ಶ್ನೆಲ್ ಎಂಬವರೂ, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಡೇನಿಯಲ್ ಫಾಕ್ಸ್ ಎಂಬವರೂ ಒಬ್ಬರಿಗೊಬ್ಬರು ಅರಿಯದೆ ಹೆಚ್ಚುಕಡಿಮೆ ಏಕಕಾಲಕ್ಕೆ ಇದನ್ನು ಕಂಡುಹಿಡಿದರು. ಹಾಡಿನ ಸಿ.ಡಿ. ತಟ್ಟೆಗಳು ಇದರವೇ, ಗಲಭೆಯ ಕಾಲದಲ್ಲಿ ಪೊಲೀಸರು ಹಿಡಿಯುವ ಪಾರದರ್ಶಕ ಗುರಾಣಿಯೂ ಸಾಮಾನ್ಯವಾಗಿ ಇದರದೇ. ತೂಕ ಗಾಜಿನ ಅರ್ಧದಷ್ಟು. ಲಾರಿಯ ಗಾಲಿಯಿಂದ ಕಲ್ಲು ಸಿಡಿದು ಬಡಿದರೂ ಚೂರಾಗುವುದಿಲ್ಲ. ಬೇಕಾದ ಆಕಾರಕ್ಕೆ ಎರಕ ಹೊಯ್ಯಬಹುದು. ಇಷ್ಟು ಗುಣಗಳಿರುವ ಈ ವಸ್ತುವಿಗೆ ಎರಡು ಅವಗುಣಗಳಿವೆ. ಒಂದು, ಮೈ ಮೆದು, ಬೇಗ ಗೀರು ಬೀಳುತ್ತದೆ. ಎರಡನೆಯದು, ಬಿಸಿಲಿನೊಳಗಿನ ಅತಿನೇರಳೆ ಕಿರಣ ಇದಕ್ಕೆ ಆಗಿಬರುವುದಿಲ್ಲ.

ಆದುದರಿಂದಲೇ ಕಾರಖಾನೆಯಲ್ಲಿ ಇದರ ಮೇಲೆ ಗಟ್ಟಿಯಾದ ಲೇಪವೊಂದನ್ನು ಕೊಡುತ್ತಾರೆ. ತಲೆಗೂದಲಿಗಿಂತ ಎಷ್ಟೋ ತೆಳುವಾದ ಪದರ ಅದು. ಬಿಸಿಲು, ಧೂಳು, ಕೊಳೆ ಬಟ್ಟೆಯಿಂದ ಒಣಗಿದ ಗಾಜನ್ನು ಗಸಗಸ ಒರೆಸುವ ನಮ್ಮ ದುರಭ್ಯಾಸ, ಇವೆಲ್ಲ ಸೇರಿ ವರ್ಷಗಳು ಕಳೆದಂತೆ ಆ ಪದರ ಸವೆದು, ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಬಿಡುತ್ತದೆ. ಅಲ್ಲಿಂದ ಮುಂದೆ ಬಿಸಿಲು ನೇರವಾಗಿ ಪ್ಲಾಸ್ಟಿಕ್ಕಿಗೇ ತಗಲಿ ಅದರ ಅಣುಗಳ ಕೊಂಡಿಗಳನ್ನು ಮುರಿಯುತ್ತದೆ. ಮುರಿದ ತುಣುಕುಗಳು ಗಾಳಿಯ ಆಮ್ಲಜನಕದೊಡನೆ ಸೇರಿ ಹಳದಿಯಾಗುತ್ತವೆ. ಕಾಕಾನ ಗಾಡಿಯ ಬಲದೀಪವೇ ಏಕೆ ಹೆಚ್ಚು ಹಳದಿ ಎಂದು ನಾವು ಯೋಚಿಸಿದೆವು. ಅವರು ವರ್ಷಗಟ್ಟಲೆ ಒಂದೇ ಬೀದಿಯಲ್ಲಿ ಒಂದೇ ಮುಖವಾಗಿ ಗಾಡಿ ನಿಲ್ಲಿಸುತ್ತಾರೆ; ಮಧ್ಯಾಹ್ನದ ಮೇಲಿನ ಬಿಸಿಲು ಬಲಗಣ್ಣಿಗೇ ಬೀಳುತ್ತದೆ, ಎಡಗಡೆಗೆ ಬೇವಿನ ನೆರಳು. ಹೈದರಾಬಾದಿನ ಏಪ್ರಿಲ್ ಮೇ ಬಿಸಿಲೆಂಬುದು ಎಂಥದೆಂದು ಕಟ್ಟಡದ ಮೇಲೆ ನಿಂತು ಕೆಲಸ ಮಾಡುವ ನಮ್ಮ ಅಣ್ಣತಮ್ಮಂದಿರಿಗೆ ಹೇಳಿಕೊಡಬೇಕಾಗಿಲ್ಲ.

ಮಬ್ಬಾದ ದೀಪದಿಂದ ಎಷ್ಟು ಬೆಳಕು ಹೊರಗೆ ಬರುತ್ತದೆ? ಅಮೆರಿಕದ ವಾಹನ ಸವಾರರ ಸಂಘವೊಂದು, ಅಮೆರಿಕನ್ ಆಟೋಮೊಬೈಲ್ ಅಸೋಸಿಯೇಷನ್ ಎಂಬುದು, ೨೦೧೮ರಲ್ಲಿ ಇದನ್ನು ಅಳೆಯಿಸಿತು. ಚೆನ್ನಾಗಿ ಕೆಟ್ಟ ದೀಪಗಳು ಹೊಸದರ ಐದನೆಯ ಒಂದು ಪಾಲಿನಷ್ಟು ಬೆಳಕನ್ನು ಮಾತ್ರ ಕೊಡುತ್ತಿದ್ದವು. ತಿಕ್ಕಿ ಸರಿಮಾಡಿದ ಮೇಲೆ ಅದು ಸುಮಾರು ನೂರಕ್ಕೆ ೭೦ಕ್ಕೆ ಏರಿತು. ಕಾರು ತಯಾರಕರ ಅಸಲು ದೀಪ ಹಾಕಿದರೆ ಪೂರಾ ನೂರು; ಬೇರೆಯವರು ಮಾಡಿದ ಅಗ್ಗದ ಬದಲಿ ದೀಪ ಹಾಕಿದರೆ ೮೩ರಿಂದ ೯೦.

ಈ ಲೆಕ್ಕವನ್ನು ರಸ್ತೆಗೆ ಇಳಿಸಿ ನೋಡೋಣ. ದೂರ ಎರಡರಷ್ಟಾದರೆ ಬೆಳಕು ನಾಲ್ಕನೆಯ ಒಂದು ಪಾಲಿಗೆ ಇಳಿಯುವುದು ಬೆಳಕಿನ ಸ್ವಭಾವ. ಹಾಗೆ ಗುಣಿಸಿದರೆ, ಹೊಸ ದೀಪ ೧೦೦ ಮೀಟರು ದೂರದಲ್ಲಿ ಬೀಳಿಸುತ್ತಿದ್ದಷ್ಟು ಬೆಳಕನ್ನು ಕೆಟ್ಟ ದೀಪ ೪೫ ಮೀಟರಿನಲ್ಲಿಯೇ ಬೀಳಿಸಿ ಮುಗಿಸುತ್ತದೆ. ತಿಕ್ಕಿದ ದೀಪ ೮೪ ಮೀಟರಿನ ತನಕ ಹೋಗುತ್ತದೆ. ಗಂಟೆಗೆ ೭೨ ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ ೨೦ ಮೀಟರು. ಎದುರಿಗೆ ಏನೋ ಇದೆಯೆಂದು ಮನಸ್ಸಿಗೆ ಹೊಳೆದು ಕಾಲು ಬ್ರೇಕಿಗೆ ಬರುವಷ್ಟರಲ್ಲಿ ಒಂದರಿಂದ ಒಂದೂವರೆ ಸೆಕೆಂಡು, ಅಂದರೆ ೨೦ರಿಂದ ೩೦ ಮೀಟರು ಹೋಗಿರುತ್ತದೆ. ಬ್ರೇಕು ಹಿಡಿದ ಮೇಲೆ ಒಣ ಡಾಂಬರಿನ ಮೇಲೆ ಇನ್ನೂ ಸುಮಾರು ೩೦ ಮೀಟರು. ಒಟ್ಟು ೫೦ರಿಂದ ೬೦. ೪೫ ಮೀಟರಿನಲ್ಲಿ ಕಂಡದ್ದರ ಮುಂದೆ ನಿಲ್ಲಿಸುವುದು ಹೇಗೆ? ಅಂದು ಕಾಕಾ ನಿಲ್ಲಿಸಿದ್ದು ಅವರು ನಿಧಾನವಾಗಿ ಬರುತ್ತಿದ್ದುದರಿಂದ. ಅವರು ನಿಧಾನವಾಗಿ ಬರುತ್ತಿದ್ದುದು ಹಿಂದಿನ ಸೀಟಿನಲ್ಲಿ ಕೂಸು ಮಲಗಿತ್ತೆಂದು.

ಇನ್ನೊಂದು ಮಾತು. ಹೊರಗೆ ಹೋಗದೆ ಉಳಿದ ಬೆಳಕು ಎಲ್ಲಿ ಹೋಗುತ್ತದೆ? ಅದರಲ್ಲಿ ಒಂದು ಭಾಗ ಮಬ್ಬಿನೊಳಗೆ ಚದುರಿ, ಬೀಳಬಾರದ ಕಡೆಗೆ ಬೀಳುತ್ತದೆ. ಎದುರಿನಿಂದ ಬರುವ ಚಾಲಕನ ಕಣ್ಣಿಗೂ ಬೀಳುತ್ತದೆ. ನಮಗೆ ಕಾಣುವುದಿಲ್ಲ, ಅವನಿಗೂ ಕಾಣಿಸಗೊಡುವುದಿಲ್ಲ.

ಈಗ ಕೆಲಸದ ಮಾತಿಗೆ ಬರೋಣ. ದೀಪದ ಮಬ್ಬು ತಿಕ್ಕಿದರೆ ಹೋಗುವಂಥದೋ ಅಲ್ಲವೋ ಎಂದು ತಿಳಿಯಲು ಒಂದು ಲೋಟ ನೀರು ಸಾಕು. ದೀಪದ ಮುಖವನ್ನು ತೊಳೆದು, ಒಣಗಿಸಿ, ಆಮೇಲೆ ಅದರ ಮೇಲೆ ನೀರು ಸುರಿಯಿರಿ. ನೀರಿರುವಷ್ಟು ಹೊತ್ತು ಮುಖ ತಿಳಿಯಾಗಿ ಕಂಡು, ಒಣಗಿದ ಮೇಲೆ ಮತ್ತೆ ಮಬ್ಬಾದರೆ ದೋಷ ಹೊರಮೈಯಲ್ಲಿದೆ. ಗೀರುಗಳಲ್ಲಿ ನೀರು ತುಂಬಿ ಮೈ ನುಣುಪಾದುದರಿಂದ ಬೆಳಕು ದಾಟಿತು, ಅಷ್ಟೆ. ನೀರು ಸುರಿದರೂ ಮಬ್ಬು ಹಾಗೆಯೇ ಇದ್ದರೆ ದೋಷ ಒಳಗಿನದು. ಅಂಚಿನ ಅಂಟು ಬಿಟ್ಟು ಒಳಕ್ಕೆ ತೇವ ಹೋಗಿರಬಹುದು. ಒಳಗಿನ ಕನ್ನಡಿಯ ಹೊಳಪು ಸುಟ್ಟು ಕಪ್ಪಾಗಿರಬಹುದು. ಅಂಥದನ್ನು ಹೊರಗೆ ಎಷ್ಟು ತಿಕ್ಕಿದರೂ ಕೈನೋವಿನ ಹೊರತು ಬೇರೆ ಫಲವಿಲ್ಲ. ಬಿರುಕು ಬಿಟ್ಟ ದೀಪ, ಒಳಗೆ ನೀರು ನಿಂತ ದೀಪ, ಹಿಡಿಕೆ ಮುರಿದು ಅಲುಗಾಡುವ ದೀಪ—ಇವನ್ನು ಬದಲಿಸಲೇಬೇಕು. ತಿಕ್ಕುವವರಾದ ನಾವೇ ಇದನ್ನು ಹೇಳುತ್ತಿದ್ದೇವೆ.

ಹೊರಮೈಯ ಮಬ್ಬಾದರೆ ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಮಾಸ್ಕಿಂಗ್ ಟೇಪು, ೬೦೦, ೧೦೦೦, ೨೦೦೦, ೩೦೦೦ ನಂಬರಿನ ವಾಟರ್ ಪೇಪರು, ಒಂದು ಬಕೆಟ್ಟು ನೀರು, ಅದಕ್ಕೆ ನಾಲ್ಕು ಹನಿ ಶಾಂಪೂ, ನುಣುಪಾದ ಕಾಂಪೌಂಡು, ಐಸೊಪ್ರೊಪೈಲ್ ಸ್ಪಿರಿಟ್ಟು, ಕಡೆಗೆ ಬಿಸಿಲು ತಡೆಯುವ ಲೇಪ. ಪೇಂಟಿನ ಕೆಲಸದವರ ಮನೆಯಲ್ಲಿ ಇದರಲ್ಲಿ ಅರ್ಧ ಇದ್ದೇ ಇರುತ್ತದೆ. ಉಳಿದದ್ದು ರಾಣಿಗಂಜಿನಲ್ಲಿ ಸಿಗುತ್ತದೆ. ದೀಪದ ಸುತ್ತಲಿನ ಬಣ್ಣಕ್ಕೆ ಟೇಪನ್ನು ಎರಡು ಸುತ್ತು ಹಾಕಿರಿ. ಒಂದೇ ಸುತ್ತು ಹಾಕಿ ಬಾನೆಟ್ಟಿನ ಬಣ್ಣ ಎಬ್ಬಿಸಿದ ಪಾಠ ನಮಗೆ ಆಗಿದೆ.

ಮೊದಲು ೬೦೦ರಿಂದ ಆರಂಭ. ಲೇಪ ಹೊಟ್ಟುಹೊಟ್ಟಾಗಿ ಏಳುತ್ತಿದ್ದರೆ ೪೦೦ ಬೇಕಾಗುವುದೂ ಉಂಟು. ಕಾಗದವನ್ನು ನೀರಲ್ಲಿ ನೆನೆಸಿ, ಮೆದುವಾದ ರಬ್ಬರಿನ ತುಂಡಿಗೆ ಸುತ್ತಿ, ಅಡ್ಡಡ್ಡ ತಿಕ್ಕಬೇಕು. ಮೊದಲಿಗೆ ಇಳಿಯುವ ನೀರು ಹಳದಿ. ಹಳೆಯ ಲೇಪವೂ ಕೊಳೆತ ಪ್ಲಾಸ್ಟಿಕ್ಕೂ ಹೋಗುತ್ತಿದೆಯೆಂದು ಅರ್ಥ. ನೀರು ಹಾಲಿನಂತೆ ಬೆಳ್ಳಗಾಗುವ ತನಕ ಬಿಡಕೂಡದು. ಇಲ್ಲಿ ಹೊಸಬರು ಹೆದರುತ್ತಾರೆ. ದೀಪ ಮೊದಲಿಗಿಂತ ಕೆಟ್ಟದಾಗಿ, ತೇದ ಸುಣ್ಣದಂತೆ ಕಾಣುತ್ತದೆ. ಕಾಕಾನ ಮುಖ ಆಗ ನೋಡಬೇಕಿತ್ತು; “ಇದ್ದಬಿದ್ದ ಕಣ್ಣೂ ಕಳದ್ರೆಲ್ಲೋ” ಎಂದರು. ಹೆದರಬೇಕಾದುದಿಲ್ಲ. ಆಮೇಲೆ ೧೦೦೦ ನಂಬರನ್ನು ಮೇಲಿನಿಂದ ಕೆಳಕ್ಕೆ ತಿಕ್ಕಬೇಕು. ೨೦೦೦ವನ್ನು ಮತ್ತೆ ಅಡ್ಡಕ್ಕೆ. ಹೀಗೆ ದಿಕ್ಕು ಬದಲಿಸುವುದರಿಂದ ಹಿಂದಿನ ಕಾಗದದ ಗೀರು ಉಳಿದಿದ್ದರೆ ಕಣ್ಣಿಗೆ ಬೀಳುತ್ತದೆ. ಗೀರು ಉಳಿದಿರುವಾಗ ಮುಂದಿನ ಕಾಗದಕ್ಕೆ ಹೋದರೆ, ಕಡೆಯಲ್ಲಿ ಎಷ್ಟು ಕಾಂಪೌಂಡು ಹಚ್ಚಿದರೂ ಅದು ಹೋಗದು. ೬೦೦ಕ್ಕೆ ಕೊಟ್ಟ ಹೊತ್ತು ಕಡಿಮೆಯಾಯಿತೆಂದು ಗೊತ್ತಾಗುವುದು ೩೦೦೦ಕ್ಕೆ ಬಂದ ಮೇಲೆ. ಆಗ ಮೊದಲಿನಿಂದ ಮತ್ತೆ.

ಕೈಯಿಂದ ಮಾಡಿದರೆ ಒಂದು ದೀಪಕ್ಕೆ ಗಂಟೆ ಹಿಡಿಯುತ್ತದೆ. ಬಫಿಂಗ್ ಯಂತ್ರವಿದ್ದರೆ ಕಾಂಪೌಂಡಿಗೆ ಬಳಸಬಹುದು. ಆದರೆ ಒಂದೇ ಕಡೆ ಒತ್ತಿ ಹಿಡಿದರೆ ಪ್ಲಾಸ್ಟಿಕ್ಕು ಬಿಸಿಯಾಗಿ ಮೆತ್ತಗಾಗಿ ಕಲೆ ಕೂರುತ್ತದೆ. ಕಾಂಪೌಂಡು ಮುಗಿದಾಗ ದೀಪ ಹೊಸದರಂತೆ ಹೊಳೆಯುತ್ತದೆ. ಗಿರಾಕಿ ಸಂತೋಷಪಡುತ್ತಾನೆ, ನಾವೂ ಸಂತೋಷಪಡುತ್ತೇವೆ. ಮೋಸ ಹೋಗುವುದು ಇಲ್ಲಿಯೇ.

ಕಾಕಾನ ದೀಪವನ್ನು ಮೊದಲ ಸಲ ಮಾಡಿದಾಗ ನಾವು ಇಷ್ಟಕ್ಕೇ ನಿಲ್ಲಿಸಿದೆವು. ಮೇಲೆ ಸ್ವಲ್ಪ ಕಾರಿನ ಮೇಣ ಸವರಿ, ಬೆನ್ನು ತಟ್ಟಿಸಿಕೊಂಡು ಕಳಿಸಿದೆವು. ಅದು ಜನವರಿ ತಿಂಗಳು. ಮೇ ತಿಂಗಳಲ್ಲಿ ಅವರು ಮತ್ತೆ ಬಂದಾಗ ದೀಪಗಳು ಮೊದಲಿಗಿಂತಲೂ ಹಳದಿಯಾಗಿದ್ದವು. ಹಾಗೆ ಆಗಲೇಬೇಕು. ಕಾರಖಾನೆಯ ರಕ್ಷೆಯಲ್ಲಿ ಉಳಿದಿದ್ದ ಅಷ್ಟಿಷ್ಟನ್ನೂ ನಾವೇ ತಿಕ್ಕಿ ತೆಗೆದು, ಬರಿಮೈಯಲ್ಲಿ ಬಿಸಿಲಿಗೆ ನಿಲ್ಲಿಸಿದ್ದೆವು. ಅವರು ಒಂದು ಮಾತೂ ಅನ್ನಲಿಲ್ಲ. “ಏನ್ ತಮ್ಮಾ, ನಿಮ್ಮ ಕೆಲಸಾ ಹೋಳಿ ಹುಣ್ಣಿವಿ ತನಕಾನೇನು?” ಎಂದು ನಕ್ಕರು. ಬೈದಿದ್ದರೆ ವಾಸಿಯಿತ್ತು.

ಆದುದರಿಂದ ಲೇಪವಿಲ್ಲದ ತಿಕ್ಕಾಟಕ್ಕೆ ನಾವು ಈಗ ಕೈ ಹಾಕುವುದಿಲ್ಲ. ತಿಕ್ಕಿ ಮುಗಿದ ಮೇಲೆ ಸ್ಪಿರಿಟ್ಟಿನಿಂದ ಒರೆಸಿ ಎಣ್ಣೆಯಂಶ ತೆಗೆದು, ಪೂರ್ತಿ ಒಣಗಿಸಿ, ಅತಿನೇರಳೆ ಕಿರಣವನ್ನು ತಡೆಯುವ ಪಾರದರ್ಶಕ ಲೇಪವನ್ನು ತೆಳುವಾಗಿ ಕೊಡಬೇಕು. ಇದರಲ್ಲಿ ಎರಡು ಬಗೆ. ಬಟ್ಟೆಯಿಂದ ಸವರುವಂಥದು ಒಂದು. ಹಾರ್ಡನರು ಬೆರೆಸಿ ಗನ್ನಿನಿಂದ ಹೊಡೆಯುವ ಕ್ಲಿಯರ್ ಕೋಟು ಇನ್ನೊಂದು. ಎರಡನೆಯದು ಹೆಚ್ಚು ಬಾಳುತ್ತದೆ, ನಿಜ. ಆದರೆ ಆ ಹಾರ್ಡನರಿನಲ್ಲಿ ಐಸೊಸಯನೇಟ್ ಎಂಬ ಪದಾರ್ಥವಿರುತ್ತದೆ. ಅದರ ತುಂತುರು ಎದೆಗೆ ಹೋದರೆ ದಮ್ಮು ಹಿಡಿಯುತ್ತದೆ. ಒಮ್ಮೆ ಹಿಡಿದವನಿಗೆ ಮುಂದೆ ಅದರ ಸುಳಿವು ತಗಲಿದರೂ ಉಸಿರು ಕಟ್ಟುತ್ತದೆ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಹೊಡೆಯುವುದು ನಮ್ಮ ಪೇಂಟಿನ ಹುಡುಗರ ರೂಢಿ. ಕರವಸ್ತ್ರ ಧೂಳನ್ನು ತಡೆದೀತು, ಇದನ್ನು ತಡೆಯದು. ಪೇಂಟಿನ ಕೋಣೆಯೂ, ತಕ್ಕ ಉಸಿರು ಮುಖವಾಡವೂ ಇದ್ದವರು ಹೊಡೆಯಲಿ. ಬೀದಿಬದಿಯ ನಮ್ಮಂಥವರಿಗೆ ಸವರುವ ಲೇಪವೇ ಸಾಕು. ಬಾಳಿಕೆ ಸ್ವಲ್ಪ ಕಡಿಮೆಯಾದರೆ ಇನ್ನೊಮ್ಮೆ ಸವರೋಣ.

ಇನ್ನು ಹಬೆ ಹಾಯಿಸುವ ವಿದ್ಯೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ, ಏಕೆಂದರೆ ನಮ್ಮ ಹುಡುಗರಲ್ಲಿ ಕೆಲವರು ಈಗ ಇದರ ಹಿಂದೆ ಬಿದ್ದಿದ್ದಾರೆ. ಕರೆಂಟಿನ ಸಣ್ಣ ಲೋಟವೊಂದರಲ್ಲಿ ದ್ರವವೊಂದನ್ನು ಕಾಯಿಸಿ ಅದರ ಹಬೆಯನ್ನು ದೀಪಕ್ಕೆ ಹಿಡಿಯುತ್ತಾರೆ. ಐದೇ ನಿಮಿಷದಲ್ಲಿ ಮಬ್ಬು ಮಾಯ. ನೋಡುವವರು ಬಾಯಿ ಬಿಡಬೇಕು. ಹಬೆಯೆಂದ ಮಾತ್ರಕ್ಕೆ ಅದು ನೀರಿನ ಹಬೆಯಲ್ಲ. ಆ ದ್ರವ ಸಾಮಾನ್ಯವಾಗಿ ಡೈಕ್ಲೋರೊಮೀಥೇನ್ ಅಥವಾ ಕ್ಲೋರೊಫಾರ್ಮ್. ಅವು ಪ್ಲಾಸ್ಟಿಕ್ಕಿನ ಮೇಲ್ಮೈಯನ್ನೇ ಕರಗಿಸಿ ಗೀರುಗಳನ್ನು ಮುಚ್ಚುತ್ತವೆ. ಕರಗಿ ಕೂತ ಮೈಗೆ ಬಿಸಿಲಿನ ರಕ್ಷೆಯಿಲ್ಲ. ಒಳಗೆ ಬಿಗಿತ ಉಳಿದು ಮುಂದೆ ಬಿರುಕು ಬಿಡುವುದೂ ಉಂಟು. ದೀಪದ ಮಾತು ಹಾಗಿರಲಿ. ಡೈಕ್ಲೋರೊಮೀಥೇನ್ ಉಸಿರಿನಲ್ಲಿ ಹೋದರೆ ಮೈಯೊಳಗೆ ಕಾರ್ಬನ್ ಮಾನಾಕ್ಸೈಡಾಗಿ ಮಾರ್ಪಟ್ಟು ರಕ್ತವನ್ನು ಸೇರುತ್ತದೆ; ಮುಚ್ಚಿದ ಕೋಣೆಯಲ್ಲಿ ಇದರಿಂದ ಸತ್ತ ಕೆಲಸಗಾರರಿದ್ದಾರೆ. ಅಮೆರಿಕದ ಸರಕಾರ ೨೦೨೪ರಲ್ಲಿ ಇದರ ಬಹುಪಾಲು ಬಳಕೆಯನ್ನು ನಿಷೇಧಿಸಿತು. ನಮ್ಮಲ್ಲಿ ಒಬ್ಬ ಹುಡುಗ, ಯಾದಗಿರಿ ಕಡೆಯವನು, ಬೇರೊಂದು ಕಡೆ ಮೂರು ತಿಂಗಳು ಈ ಕೆಲಸ ಮಾಡಿ ಬಂದ. ಸಂಜೆಯಾದರೆ ತಲೆನೋವು, ಊಟ ಬೇಡ, ತಲೆ ತಿರುಗುವುದು. ಬಿಸಿಲಿನದೆಂದು ಅವನ ತಾಯಿ ಮಜ್ಜಿಗೆ ಕುಡಿಸುತ್ತಿದ್ದಳು. ಕೆಲಸ ಬಿಟ್ಟ ಮೇಲೆ ತಲೆನೋವೂ ಬಿಟ್ಟಿತು. ಹಬೆಯ ಲೋಟವನ್ನು ನಮ್ಮ ಶೆಡ್ಡಿನೊಳಗೆ ತರಕೂಡದೆಂದು ನಾವು ಅಂದೇ ಗೊತ್ತು ಮಾಡಿದೆವು. ಈ ಸಂಘದ ಗ್ಯಾರೇಜಿನವರೆಲ್ಲ ಹಾಗೆಯೇ ಗೊತ್ತು ಮಾಡಬೇಕೆಂದು ಕೇಳಿಕೊಳ್ಳುತ್ತೇವೆ.

ಮನೆಮದ್ದುಗಳ ವಿಚಾರ ಎರಡೇ ಮಾತು. ಹಲ್ಲಿನ ಪೇಸ್ಟು ಕೆಲಸ ಮಾಡುತ್ತದೆ, ಏಕೆಂದರೆ ಅದರಲ್ಲಿ ತೇಯುವ ನುಣ್ಣನೆಯ ಪುಡಿ ಇರುತ್ತದೆ. ತೆಳು ಮಬ್ಬು ಹೋಗುತ್ತದೆ, ಕೆಲವು ವಾರಗಳಲ್ಲಿ ಮತ್ತೆ ಬರುತ್ತದೆ. ಸೊಳ್ಳೆ ಓಡಿಸುವ ಸ್ಪ್ರೇ, ಥಿನ್ನರು, ಉಗುರುಬಣ್ಣ ತೆಗೆಯುವ ಅಸಿಟೋನು—ಇವು ಪ್ಲಾಸ್ಟಿಕ್ಕನ್ನು ತಿನ್ನುತ್ತವೆ. ಒಂದು ಗಳಿಗೆ ಹೊಳೆದು ಆಮೇಲೆ ಜೇಡರ ಬಲೆಯಂತೆ ಬಿರುಕು ಬಿಡುತ್ತದೆ. ಅದನ್ನು ತಿಕ್ಕಿ ಸರಿಮಾಡುವುದೂ ಆಗದು.

ದೀಪ ತಿಳಿಯಾದ ಮೇಲೂ ಕೆಲಸ ಮುಗಿಯಲಿಲ್ಲ. ಮಬ್ಬಿದ್ದಾಗ ಕಾಣುವುದಿಲ್ಲವೆಂದು ಎಷ್ಟೋ ಮಂದಿ ದೀಪದ ಮುಖವನ್ನು ಮೇಲಕ್ಕೆ ತಿರುಗಿಸಿಕೊಂಡಿರುತ್ತಾರೆ, ಇಲ್ಲವೆ ೬೦/೫೫ ವಾಟಿನ ಬಲ್ಬು ತೆಗೆದು ೧೦೦/೯೦ ಹಾಕಿಸಿರುತ್ತಾರೆ. ದೊಡ್ಡ ಬಲ್ಬಿನ ಕಾವಿಗೆ ಒಳಗಿನ ಕನ್ನಡಿ ಸುಡುತ್ತದೆ, ಹೋಲ್ಡರು ಕರಗುತ್ತದೆ, ವೈರು ಬೆಚ್ಚಗಾಗುತ್ತದೆ. ಇನ್ನೂ ಬಾಳಬೇಕಾದ ದೀಪ ಒಳಗಿನಿಂದ ಸಾಯುತ್ತದೆ. ಆದುದರಿಂದ ಸರಿಯಾದ ಬಲ್ಬನ್ನೇ ಹಾಕಿ, ಸಮತಟ್ಟು ನೆಲದಲ್ಲಿ ಗೋಡೆಗೆ ೧೦ ಮೀಟರು ದೂರ ಗಾಡಿ ನಿಲ್ಲಿಸಿ, ಡಿಮ್ ದೀಪದ ಬೆಳಕಿನ ಮೇಲಂಚು ದೀಪದ ಎತ್ತರಕ್ಕಿಂತ ಸುಮಾರು ೧೦ ಸೆಂಟಿಮೀಟರು ಕೆಳಗೆ ಬೀಳುವಂತೆ ತಿರುಪನ್ನು ತಿರುಗಿಸಬೇಕು. ಎಡಕ್ಕೆ ಬೆಳಕು ಸ್ವಲ್ಪ ಮೇಲೇರಿರುತ್ತದೆ. ಅದು ರಸ್ತೆಯಂಚಿನಲ್ಲಿ ನಡೆಯುವವರನ್ನು ಕಾಣಿಸಲೆಂದೇ ಇಟ್ಟಿರುವುದು. ಅಮೆರಿಕದವರ ಅದೇ ಪರೀಕ್ಷೆಯಲ್ಲಿ ತಿಕ್ಕಿದ ದೀಪಗಳು ಎದುರಿನವರ ಕಣ್ಣಿಗೆ ನಿಯಮಕ್ಕಿಂತ ಹೆಚ್ಚು ಚುಚ್ಚುತ್ತಿದ್ದವೆಂದೂ ಹೇಳಿದ್ದಾರೆ. ನಮ್ಮ ಕೆಲಸದ ಕೊರತೆಯನ್ನು ಮುಚ್ಚಿಡಬಾರದಾದುದರಿಂದ ಇದನ್ನೂ ಹೇಳಿದೆವು. ಅಗ್ಗದ ಬದಲಿ ದೀಪಗಳಲ್ಲಿಯೂ ಬೆಳಕಿನ ಗುರಿಯ ನಿಯಮ ತಪ್ಪುವಂಥವು ಕಂಡುಬಂದುವಂತೆ.

ದುಡ್ಡಿನ ಮಾತು ಬಂದಾಗ ನಮ್ಮೊಳಗೇ ಜಗಳವಾಯಿತು. ಹೊಸ ದೀಪ ಹಾಕಿದರೆ ಗ್ಯಾರೇಜಿನವನಿಗೆ ಸಾಮಾನಿನ ಮೇಲೆ ಕಮಿಷನ್ನು ಸಿಗುತ್ತದೆ, ಕೆಲಸ ಅರ್ಧ ಗಂಟೆ. ತಿಕ್ಕಿದರೆ ಕಮಿಷನ್ನಿಲ್ಲ, ಎರಡೂ ದೀಪಕ್ಕೆ ಅರ್ಧ ದಿವಸದ ರಟ್ಟೆ. ಹಾಗಾದರೆ ಯಾರು ತಿಕ್ಕುತ್ತಾರೆ? ನಮ್ಮಲ್ಲಿ ಒಬ್ಬರು, ಅವರ ಮಾತಿನಲ್ಲೂ ನ್ಯಾಯವಿದೆ, “ಗಿರಾಕಿಯ ದುಡ್ಡು ಉಳಿಸಲಿಕ್ಕೆ ನಮ್ಮ ಮಕ್ಕಳ ಫೀಸು ಕಟ್ಟಬಾರದೇನು?” ಎಂದರು. ನಾವು ಹೇಳಿದ್ದು ಇಷ್ಟು: ತಿಕ್ಕುವುದು ಉಪಕಾರವಲ್ಲ, ಅರ್ಧ ದಿವಸದ ಕೂಲಿಯನ್ನು ಪೂರಾ ಹಿಡಿಯಿರಿ. ಹೊಸ ದೀಪದ ಬೆಲೆಯಲ್ಲಿ ಬಹುಪಾಲು ಊರು ಬಿಟ್ಟು ಹೊರಗೆ ಹೋಗುತ್ತದೆ. ತಿಕ್ಕಿದ ಕೂಲಿಯೆಲ್ಲ ತಿಕ್ಕಿದ ಕೈಯಲ್ಲಿಯೇ ಉಳಿಯುತ್ತದೆ. ಗಿರಾಕಿಗೂ ಹೊಸ ಜೋಡಿಗಿಂತ ಬಹಳ ಕಡಿಮೆಗೆ ಮುಗಿಯುತ್ತದೆ. ಆದರೆ ಲೇಪದ ಬಾಳಿಕೆ ಎಷ್ಟೆಂದು ಬಾಯಿ ತುಂಬ ಭರವಸೆ ಕೊಡಬೇಡಿ. ನೆರಳಲ್ಲಿ ನಿಲ್ಲುವ ಗಾಡಿಗೆ ಬೇರೆ, ದಿನವಿಡೀ ಬಿಸಿಲಲ್ಲಿ ನಿಲ್ಲುವ ಬಾಡಿಗೆ ಗಾಡಿಗೆ ಬೇರೆ. ವರ್ಷಕ್ಕೊಮ್ಮೆ ತೋರಿಸಿ ಹೋಗೆಂದು ಹೇಳಿದರೆ ಸಾಕು. ಜಗಳ ಇನ್ನೂ ಪೂರ್ತಿ ತೀರಿಲ್ಲ. ಕಮಿಷನ್ನಿನ ಪಕ್ಷದವರೂ ಈ ಸಭೆಯಲ್ಲಿದ್ದಾರೆ. ಚಹಾದ ಹೊತ್ತಿನಲ್ಲಿ ಅವರನ್ನೂ ಕೇಳಿರಿ.

ಕಾಕಾನ ದೀಪಗಳನ್ನು ಎರಡನೆಯ ಸಲ, ಲೇಪ ಸಮೇತ, ದುಡ್ಡು ತೆಗೆದುಕೊಳ್ಳದೆ ಮಾಡಿಕೊಟ್ಟೆವು. ಅದಾಗಿ ಒಂದು ಬೇಸಗೆ ಕಳೆದು ಎರಡನೆಯದು ನಡೆದಿದೆ. ಬಲದೀಪದ ಮೇಲಂಚಿನಲ್ಲಿ ಬೆರಳಗಲದ ಹಳದಿ ಮತ್ತೆ ಕಾಣಿಸಿಕೊಂಡಿದೆ. ಅಲ್ಲಿ ಲೇಪ ತೆಳುವಾಗಿ ಬಿದ್ದಿರಬೇಕು. ಎಡದೀಪ ಚೆನ್ನಾಗಿದೆ. ಹೋದ ವಾರ ಅವರು ಮತ್ತೆ ರಾತ್ರಿಯಲ್ಲಿ ಬೀದರಕ್ಕೆ ಹೋಗಿ ಬಂದರು. ಗಾಡಿಯನ್ನು ನಿಲ್ಲಿಸುವ ಮುಖವನ್ನು ಮಾತ್ರ ಅವರು ಈಗಲೂ ಬದಲಿಸಿಲ್ಲ. ಆ ಬೀದಿಯಲ್ಲಿ ಬೇರೆ ಜಾಗ ಸಿಗುವುದಿಲ್ಲವಂತೆ.

ಕಡೆಯದಾಗಿ ಒಂದು ಸೂಚನೆ. ಕಾಗದ, ಕಾಂಪೌಂಡು, ಲೇಪ ಇವನ್ನು ಒಬ್ಬೊಬ್ಬರೇ ಕೊಂಡರೆ ದುಬಾರಿ, ಅರ್ಧ ಶೀಸೆ ಒಣಗಿ ಹೋಗುತ್ತದೆ. ಸಂಘದ ಹೆಸರಿನಲ್ಲಿ ಒಂದು ಪೆಟ್ಟಿಗೆ ಸಾಮಾನು ಇಡಬಹುದೆಂದು ಅಧ್ಯಕ್ಷರು ಒಪ್ಪಿದ್ದಾರೆ. ಮುಂದಿನ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ, ಬಿಸಿಲೇರುವ ಮುಂಚೆ, ಈ ಕಟ್ಟಡದ ಹಿಂದಿನ ಅಂಗಳದಲ್ಲಿ ನಾವು ನಾಲ್ಕು ಮಂದಿ ಇರುತ್ತೇವೆ. ದೀಪ ಮಬ್ಬಾದವರು ಗಾಡಿ ತರಬಹುದು. ಆದರೆ ತಿಕ್ಕುವುದು ಅವರೇ, ನಾವು ಪಕ್ಕದಲ್ಲಿ ನಿಂತು ತೋರಿಸಿಕೊಡುತ್ತೇವೆ. ಬರುವವರು ಹಳೆಯ ಬನಿಯನ್ನಿನ ಮೆತ್ತನೆಯ ಬಟ್ಟೆ ಎರಡು ತುಂಡು ತರಬೇಕು. ಅಂದು ಮಳೆಯಿದ್ದರೆ ಕೆ‌ಲಸವಿಲ್ಲ. ತೇವದಲ್ಲಿ ಲೇಪ ಬೆಳ್ಳಗಾಗುತ್ತದೆ. ಹಾಗಾದರೆ ಅದರ ಮುಂದಿನ ಭಾನುವಾರ.